ಹನ್ನೊಂದು ಹೋಟೆಲುಗಳ ದಂಡಯಾತ್ರೆ

“ಹೋಟ್ಲು ಅಂದ್ರೆ ತಿನ್ನೋ ಜಾಗ ಅಂತ ನಿಮಗೆ ಯಾರ್ರೀ ಹೇಳಿದ್ದು?”

ಕೇಳಿದವಳು ತಿಪಟೂರಿನ ಮಂಗಳಾ. ಕೇಳಿಸಿಕೊಂಡವನು ಅವಳ ಗಂಡ ಪಾಲಾಕ್ಷಯ್ಯ. ಸ್ಥಳ, ಮೈಸೂರು ರಸ್ತೆಯ ಬದಿಯಲ್ಲಿ, ಗಗನತರಂಗವೆಂಬ ವಿನೋದೋದ್ಯಾನದ ಮಹಾದ್ವಾರಕ್ಕೆ ಅರ್ಧ ಮೈಲಿ ಈಚೆ ನಿಂತಿದ್ದ ಒಂದು ಬಿಳಿಯ ಓಮ್ನಿ ವ್ಯಾನು. ಕಾಲ, ಶನಿವಾರ ಸಂಜೆ ನಾಲ್ಕೂ ಕಾಲು.

“ಮತ್ತಿನ್ನೇನು? ಮಲಗೋದಕ್ಕಾದ್ರೆ ಲಾಡ್ಜು ಅಂತಾರೆ. ನೀನು ಲಾಡ್ಜು ಅಂದ್ಯಾ? ಹೋಟ್ಲು ನೋಡ್ರಿ ಅಂದೆ. ನೋಡಿದೀನಿ. ಒಂದಲ್ಲ, ಹನ್ನೊಂದು ನೋಡಿದೀನಿ,” ಎಂದು ಪಾಲಾಕ್ಷಯ್ಯ ಜೇಬಿನಿಂದ ಒಂದು ಪುಟ್ಟ ಡೈರಿಯನ್ನು ತೆಗೆದು, ಒರೆಯಿಂದ ಖಡ್ಗವನ್ನು ಹಿರಿದವನಂತೆ ಎತ್ತಿ ಹಿಡಿದನು.

ಕೇಳಿರಿ, ಸಹೃದಯರೇ. ಯುಗಗಳು ನಾಲ್ಕೆಂದು ಹಿರಿಯರು ಎಣಿಸಿದ್ದುಂಟು. ಆದರೆ ನಾಲ್ಕನೆಯದರ ಬಾಲದ ತುದಿಯಲ್ಲಿ ಮೂರು ರಜೆಗಳು ಒಂದಕ್ಕೊಂದು ಅಂಟಿಕೊಂಡು ಲಾಂಗ್ ವೀಕೆಂಡೆಂಬ ಉಪಯುಗವೊಂದು ಹುಟ್ಟೀತೆಂದೂ, ಆ ಯುಗದಲ್ಲಿ ಸಮಸ್ತ ಕರ್ನಾಟಕ ಜನಪದವು ಬಾಲವೃದ್ಧಸಮೇತವಾಗಿ, ಟವೆಲು ತಲೆದಿಂಬು ಚಕ್ಕುಲಿಡಬ್ಬಿಗಳೊಡನೆ ಒಂದೇ ದಿಕ್ಕಿಗೆ ಹೊರಟೀತೆಂದೂ ಅವರಿಗೆ ಹೊಳೆಯಲಿಲ್ಲ. ಎಲೈ ವಾಗ್ದೇವಿಯೇ, ಆ ಯುಗದ ವೀರನೊಬ್ಬನ ಕಥೆಯನ್ನು ಹೇಳಹೊರಟಿದ್ದೇನೆ, ನಾಲಗೆಯಲ್ಲಿ ನೆಲೆಸು. ನೀನು ಅವನ ನಾಲಗೆಯಲ್ಲೂ ನೆಲೆಸಿದ್ದವಳೇ. ಆದರೆ ತಿನ್ನುವಾಗ ಮಾತ್ರ, ಮಾತನಾಡುವಾಗ ಅಲ್ಲ. ಅದೇ ಈ ಸಮರದ ಮೂಲ.

ಸ್ವಸ್ತಿ ಸಮಸ್ತ ಬಿರುದಾವಳೀವಿರಾಜಮಾನನೂ, ಕೊಬ್ಬರಿಮಂಡಿಮಾರ್ತಾಂಡನೂ, ಚಟ್ನಿಪರೀಕ್ಷಾಪ್ರಚಂಡನೂ, ಭಾರ್ಯಾನುಜಗರ್ವಗಿರಿವಜ್ರದಂಡನೂ ಆದ ಪಾಲಾಕ್ಷಯ್ಯನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದನು. ಒಂದು ಚೂರು ಕೊಬ್ಬರಿಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಇದು ಯಾವ ಹೋಬಳಿಯದು, ಅಟ್ಟದಲ್ಲಿ ಎಷ್ಟು ತಿಂಗಳಿತ್ತು ಎಂದು ಅವನು ಹೇಳಿಬಿಡುತ್ತಿದ್ದನೆಂದರೆ ಉಳಿದದ್ದನ್ನು ನೀವೇ ಊಹಿಸಬಹುದು. ಇಂಥವನಿಗೆ ತಿಂಗಳ ಹಿಂದೆ ಹೆಂಡತಿ, “ವ್ಯಾನಿಗೆ ನನ್ ತಮ್ಮ ಇದಾನೆ, ಹೋಟ್ಲು ಒಂದು ನೀವು ನೋಡ್ಕಳಿ,” ಎಂದು ಆಜ್ಞಾಪಿಸಿದಳು. “ನೋಡ್ಕತೀನಿ,” ಎಂದು ಅವನು ಮಾತು ಕೊಟ್ಟನು.

ಮಾತಿಗೆ ತಪ್ಪುವ ಕುಲದವನಲ್ಲ. ಎರಡು ಭಾನುವಾರ ನಸುಕಿನಲ್ಲೇ ಬಸ್ಸು ಹತ್ತಿ ಉದ್ಯಾನಪ್ರಾಂತ್ಯಕ್ಕೆ ಬಂದು, ಆರು ಹೋಟೆಲುಗಳನ್ನು ಸ್ವತಃ ತಿಂದು, ಐದನ್ನು ಫೋನಿನಲ್ಲಿ ವಿಚಾರಿಸಿ, ಡೈರಿಯಲ್ಲಿ ಒಂದೊಂದಕ್ಕೂ ಷರಾ ಬರೆದನು. “ಒಂದು: ಇಡ್ಲಿ ಮೆತ್ತಗೆ, ಮಾಲೀಕ ಗಟ್ಟಿ.” “ನಾಲ್ಕು: ಸಾಂಬಾರಿನಲ್ಲಿ ಬೆಲ್ಲ ಮುಂದು, ಬೇಳೆ ಹಿಂದು.” “ಏಳು: ಚಟ್ನಿಗೆ ಹಸಿಕಾಯೋ ಪುಟಾಣಿಯೋ, ಮೂರು ಸಲ ಫೋನ್ ಮಾಡಿದರೂ ಇತ್ಯರ್ಥವಾಗಿಲ್ಲ. ಹೋಗಿ ನೋಡುವುದು.” ಮೊದಲ ಭಾನುವಾರ ಮನೆಗೆ ಹಿಂದಿರುಗಿ ಹೆಂಡತಿಗೆ ವರದಿಯನ್ನೂ ಒಪ್ಪಿಸಿದ್ದನು: ಬಲೇ ಮೆತ್ತಗಿದೆ, ಬಿಸಿಬಿಸಿ ಯಾವಾಗ ಕೇಳಿದರೂ ಕೊಡುತ್ತಾರೆ, ಜನ ನುಗ್ಗುವ ಮುಂಚೆ ಹೋದರೆ ಕಿಟಕಿ ಪಕ್ಕ ಸಿಗುತ್ತದೆ. ಅವನು ಹೇಳಿದ್ದು ಇಡ್ಲಿಯ, ಸಾಂಬಾರಿನ, ಮೇಜಿನ ವಿಷಯ. ಮಂಗಳಾ ಕೇಳಿಸಿಕೊಂಡದ್ದು ಹಾಸಿಗೆಯ, ಸ್ನಾನದ ನೀರಿನ, ಕೋಣೆಯ ವಿಷಯ. ಇಬ್ಬರೂ ಸಂತೋಷದಿಂದ ದೀಪ ಆರಿಸಿ ಮಲಗಿದ್ದರು.

ಈ ಗೊಂದಲವೆಲ್ಲ ಒಂದು ತಮಾಷೆಯಾಗಿ ಮುಗಿದುಹೋಗುತ್ತಿತ್ತು, ವ್ಯಾನಿನ ಹಿಂದಿನ ಸೀಟಿನಲ್ಲಿ ನೀಲಮ್ಮನವರು ಇಲ್ಲದೇ ಹೋಗಿದ್ದರೆ.

ನೀಲಮ್ಮನವರು ಮಂಗಳಾಳ ತಾಯಿ, ಎಪ್ಪತ್ತಮೂರು ವರ್ಷದವರು. ಸಮುದ್ರ ನೋಡಿದವರಲ್ಲ. ಅವರ ಯಜಮಾನರು ಬದುಕಿದ್ದಾಗ ಗೋಕರ್ಣಕ್ಕೆ ಕರೆದೊಯ್ಯುತ್ತೇನೆಂದು ಎರಡು ಸಲ ಹೊರಡಿಸಿದ್ದರು. ಮೊದಲ ಸಲ ಬಸ್ ಮುಷ್ಕರ. ಎರಡನೆಯ ಸಲ, ಬುತ್ತಿ ಕಟ್ಟಿ ಆದ ಮೇಲೆ, ಎಮ್ಮೆ ಈಯಿತು. ಮೂರನೆಯ ಸಲಕ್ಕೆ ಯಜಮಾನರಿರಲಿಲ್ಲ. ಈಗ ಘಟ್ಟದ ತಿರುವುಗಳೆಂದರೆ ಆಕೆಗೆ ಹೊಟ್ಟೆ ತೊಳಸುತ್ತದೆ. ಹೀಗಿರುವಾಗ ಎದುರುಮನೆಯ ಹುಡುಗಿಯ ಫೋನಿನಲ್ಲಿ ಗಗನತರಂಗದ ಅಲೆಯ ಕೊಳವನ್ನು ನೋಡಿ, “ಕಟ್ಟಿಸಿರೋ ಸಮುದ್ರವೇ ಆಗ್ಲಿ, ಒಂದ್ ಸಲ ಕಾಲಿಟ್ಟು ಬರೋಣ,” ಎಂದಿದ್ದರು. ಮಕ್ಕಳ ಹತ್ತಿರ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆದರೆ ಆಕೆಗೆ ಬೆಳಿಗ್ಗೆ ಬಿಸಿನೀರಿನ ಸ್ನಾನವಾಗಿ ಲಿಂಗಪೂಜೆ ಮುಗಿಯದೆ ಒಂದು ಹನಿ ನೀರೂ ಗಂಟಲಿಗಿಳಿಯದು. ಆದ್ದರಿಂದ ಹಿಂದಿನ ರಾತ್ರಿಯೇ ಬಂದು ತಂಗಿ, ಮಡಿಯಾಗಿ, ತಿಂಡಿ ತಿಂದು, ಬಿಸಿಲೇರುವ ಮೊದಲೇ ಸಮುದ್ರಕ್ಕೆ ಇಳಿಯುವುದೆಂದು ಯೋಜನೆ. ತಂಗಲು ಸ್ಥಳವಿಲ್ಲ, ಯೋಜನೆಯೂ ಇಲ್ಲ.

“ಆಯ್ತು ಬಿಡ್ರಪ್ಪ,” ಎಂದರು ನೀಲಮ್ಮನವರು ಹಿಂದಿನ ಸೀಟಿನಿಂದ. “ಇನ್ನೊಂದ್ ಸಲ ಬಂದ್ರಾಯ್ತು.”

ಆ ದನಿಯನ್ನು ಮೂವರೂ ಬಲ್ಲರು. ಎಮ್ಮೆ ಈದ ದಿನ ಬುತ್ತಿಯ ಗಂಟನ್ನು ಬಿಚ್ಚಿ ದನದ ಆಳಿಗೆ ಬಡಿಸುವಾಗಲೂ ಆಕೆ ಅದೇ ದನಿಯಲ್ಲಿ ಅದೇ ಮಾತನ್ನು ಹೇಳಿದ್ದರಂತೆ. ಮಂಗಳಾ ಗಂಡನ ಕಡೆಗೊಮ್ಮೆ, ಸ್ಟಿಯರಿಂಗ್ ಹಿಡಿದಿದ್ದ ತಮ್ಮನ ಕಡೆಗೊಮ್ಮೆ ನೋಡಿ ತೀರ್ಪು ಕೊಟ್ಟಳು: ಏಳು ಗಂಟೆಯೊಳಗೆ ಅವ್ವನಿಗೆ ಮಲಗಲು ಜಾಗ ಸಿಗಬೇಕು; ಸಿಗದಿದ್ದರೆ ವ್ಯಾನು ತಿಪಟೂರಿಗೆ ತಿರುಗುತ್ತದೆ, ಮತ್ತು ತಿರುಗಿದ ಮೇಲೆ ತಾನು ಯಾರೊಡನೆಯೂ ಮಾತನಾಡುವುದಿಲ್ಲ.

ಆಗ ಎದ್ದನು ನೋಡಿ ಬಾಮೈದ ಪಂಚಾಕ್ಷರಿ. ತುಮಕೂರುಪುರವರಾಧೀಶ್ವರ, ಮೊಬೈಲಂಗಡಿಮಂಡನ, ಟೆಂಪರ್‌ಗ್ಲಾಸ್‌ಲೇಪನವಿಚಕ್ಷಣ. ಎದ್ದನೆಂದರೆ ಸೀಟಿನಲ್ಲೇ ಸ್ವಲ್ಪ ನಿಗುರಿ ಕುಳಿತನು, ಓಮ್ನಿಯಲ್ಲಿ ಅದಕ್ಕಿಂತ ಹೆಚ್ಚು ಏಳಲಾಗದು. ಅಂಗೈಯಗಲದ ದಿವ್ಯದರ್ಪಣವನ್ನು ಬೆಳಗಿಸಿ ಅವನು ನುಡಿದ ವೀರವಾಕ್ಯವಿದು:

“ಭಾವ, ನೀವು ಒಂದ್ ತಿಂಗಳು ಓಡಾಡಿ ಮಾಡಿದ್ದನ್ನ ನಾನು ಎರಡು ನಿಮಿಷದಲ್ಲಿ ಮಾಡ್ತೀನಿ. ನಾಲ್ಕು ಸ್ಟಾರಿಗೆ ಕಮ್ಮಿ ಇರೋ ಕಡೆ ನಾನು ಚಪ್ಪಲಿನೂ ಬಿಡಲ್ಲ. ಸುಮ್ನೆ ಕೂತ್ಕಂಡು ನೋಡ್ತಿರಿ.”

ರಥವು ಘರ್ಜಿಸಿತು. ಎರಡನೆಯ ಸಲ ಕೀಲಿ ತಿರುಗಿಸಿದಾಗ ಹೊರಟಿತು.

ಮೊದಲ ದುರ್ಗವು ನಾಲ್ಕು ಅಂತಸ್ತಿನ, ನೀಲಿಗಾಜಿನ ಕವಚವನ್ನು ತೊಟ್ಟ, ಮುಂಬಾಗಿಲಲ್ಲಿ ಪ್ಲಾಸ್ಟಿಕ್ ತಾಳೆಮರಗಳೆರಡನ್ನು ದ್ವಾರಪಾಲಕರನ್ನಾಗಿ ನಿಲ್ಲಿಸಿಕೊಂಡಿದ್ದ ಒಂದು ವಸತಿಗೃಹ. ಪಂಚಾಕ್ಷರಿಯು ಒಳನುಗ್ಗಿ, ಕೂದಲನ್ನು ಸರಿಮಾಡಿಕೊಂಡು, ಬೇಕಾದ ಕೋಣೆಗಳ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಘೋಷಿಸಿದನು. ಕೌಂಟರಿನಾಚೆಯ ತರುಣಿಯು ಅಷ್ಟೇ ಮೃದುವಾಗಿ, “ಎಲ್ಲಾ ಫುಲ್ ಸರ್. ಮಂಗಳವಾರ ಬನ್ನಿ, ನಿಮಗೆ ಬೇಕಾದ ಫ್ಲೋರೇ ಕೊಡ್ತೀವಿ,” ಎಂದು ಅವನನ್ನು ಕನ್ನಡದಲ್ಲಿ ಕೆಡವಿದಳು. ಎರಡನೆಯ ದುರ್ಗವನ್ನು ಅದಾಗಲೇ ಒಂದು ಮದುವೆಯ ದಿಬ್ಬಣವು ಆಕ್ರಮಿಸಿ, ಕಾರಿಡಾರಿನಲ್ಲಿ ಕೂಡ ಜಮಖಾನ ಹಾಸಿಕೊಂಡಿತ್ತು. ಮೂರನೆಯದರಲ್ಲಿ ಒಂದೇ ಒಂದು ಕೋಣೆಯಿತ್ತು, ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಒಂದು ಕುರ್ಚಿಯನ್ನು ಅಡ್ಡವಿಟ್ಟಿದ್ದರು, ಆ ಕುರ್ಚಿಯ ಮೇಲೆ ಧೂಳಿತ್ತು. ನೀಲಮ್ಮನವರ ಮೊಣಕಾಲುಗಳನ್ನು ನೆನೆದು ಮಂಗಳಾ ಬೇಡವೆಂದಳು.

ಗಂಟೆ ಐದೂ ಮುಕ್ಕಾಲಾಯಿತು. ಮೂರು ಗಾಯಗಳನ್ನುಂಡರೂ ಪಂಚಾಕ್ಷರಿ ಬಗ್ಗಲಿಲ್ಲ. ದಿವ್ಯದರ್ಪಣದ ಕಿವಿಯಲ್ಲಿ “ಹತ್ತಿರದ ಹೋಟೆಲ್‌ಗಳು” ಎಂಬ ಮಂತ್ರವನ್ನು ಉಸುರಿದನು. ಅದು ಕ್ಷಣಾರ್ಧದಲ್ಲಿ ನಾಲ್ಕೂ ಮುಕ್ಕಾಲು ನಕ್ಷತ್ರಗಳುಳ್ಳ, ಸಾವಿರದಿನ್ನೂರು ಜನ ಹೊಗಳಿದ ಒಂದು ತಾಣವನ್ನು ತೋರಿಸಿತು. “ನೋಡಿದ್ರಾ ಭಾವ?” ಎಂದು ಅವನು ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಒಂದು ಕಿರುದಾರಿಯಲ್ಲಿ ಕುಲುಕಾಡಿಸಿಕೊಂಡು ಹೋಗಿ ವ್ಯಾನು ನಿಲ್ಲಿಸಿದನು. ನೀವು ಬಯಸಿದ ಸ್ಥಳವನ್ನು ತಲುಪಿದ್ದೀರಿ ಎಂದು ಫೋನು ಅಶರೀರವಾಣಿಯಾಗಿ ನುಡಿಯಿತು.

ಎದುರಿಗೆ ಕೆಂಪು ಹಲಗೆಯ ಮೇಲೆ ಎದೆಯುಬ್ಬಿಸಿ ನಿಂತ ಒಂದು ಹುಂಜ. ಅದರ ಪಕ್ಕದಲ್ಲಿ ನಸುನಗುವ ಒಂದು ಕುರಿ. ಕೆಳಗೆ: ಬೆಟ್ಟದಯ್ಯ ಮಿಲಿಟರಿ ಹೋಟೆಲ್. ನಾಟಿಕೋಳಿ, ಮುದ್ದೆ, ತಲೆಮಾಂಸ.

ಅಹಹ, ಎಂಥ ಸೇನಾಶಿಬಿರವದು. ಧೂಮಕೇತುವಿನಂತೆ ಮೇಲೆದ್ದ ಒಗ್ಗರಣೆಯ ಹೊಗೆಯೇನು, ಮೂಳೆಗಳೊಡನೆ ದ್ವಂದ್ವಯುದ್ಧಕ್ಕಿಳಿದ ಯೋಧರ ಬೆವರೇನು, “ಇನ್ನೊಂದ್ ಮುದ್ದೆ” ಎಂಬ ರಣಘೋಷವೇನು. ನೀಲಮ್ಮನವರು ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಮೂಗನ್ನೂ ಮುಚ್ಚಿಕೊಂಡು, “ಅಪ್ಪಾ ಪಂಚಾಕ್ಷರಿ, ಮಿಲ್ಟ್ರಿಯೋರು ನಮಗೆ ಹಾಸಿಗೆ ಕೊಡ್ತಾರೇನೋ?” ಎಂದು ಕೇಳಿದರು.

“ನಿನ್ ಫೋನಿಗೂ ನಿಮ್ ಭಾವಂಗೂ ಒಬ್ಬರೇ ಮೇಷ್ಟ್ರು ಪಾಠ ಹೇಳಿರ್ಬೇಕು,” ಎಂದಳು ಮಂಗಳಾ.

ಪಂಚಾಕ್ಷರಿಯ ತಲೆ ತಗ್ಗಿತು. ತಗ್ಗಿದ ತಲೆಯನ್ನು ಕಂಡು ಪಾಲಾಕ್ಷಯ್ಯನ ಮೀಸೆ ಎದ್ದಿತು. ಮಾತಿನ ಅರ್ಥದಲ್ಲಿ ತಾನೊಬ್ಬನೇ ಒಂಟಿಯಲ್ಲ, ಉಪಗ್ರಹಗಳನ್ನು ಕೈಕೆಳಗಿಟ್ಟುಕೊಂಡ ಯಂತ್ರವೂ ತನ್ನ ಪಕ್ಷವೇ ಎಂಬುದು ಸಣ್ಣ ಸಮಾಧಾನವಲ್ಲ. ಅವನು ಡೈರಿಯನ್ನು ತೆರೆದು, ಹಾಳೆಗೆ ಬೆರಳಿಟ್ಟು, ಕುಲದೈವವನ್ನು ನೆನೆದು ನುಡಿದನು:

“ನಡಿ ಏಳನೇದಕ್ಕೆ. ರೂಮು ಸಿಗಲಿ ಬಿಡಲಿ, ಅತ್ತೆ ಹೊಟ್ಟೆಗೆ ಏನಾದ್ರೂ ಬಿದ್ದ ಮೇಲೆ ಯೋಚ್ನೆ ಮಾಡೋಣ. ಮಧ್ಯಾಹ್ನದಿಂದ ಅವರು ಬರೀ ಚಕ್ಕುಲಿ ತಿಂದವ್ರೆ. ನಿಮಗಿಬ್ಬರಿಗೂ ಅದು ನೆನಪೈತಾ?”

ವೀರರ ಭಾಷಣಗಳಲ್ಲಿ ಇದು ಚಿಕ್ಕದು. ಆದರೆ ಮಂಗಳಾ ತಾನಾಗಿಯೇ ತಮ್ಮನಿಗೆ ವ್ಯಾನು ತಿರುಗಿಸೆಂದಳೆಂಬುದನ್ನು ಕವಿಯಾದವನು ದಾಖಲಿಸಲೇಬೇಕು.

ಏಳನೆಯದು ಉದ್ಯಾನದ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ಹಳೆಯ ಹೆಂಚಿನ ಕಟ್ಟಡ. ಮೇಲೆ ಅರ್ಧಮಹಡಿ, ಮುಂದೆ ಬೇವಿನ ಮರ. ಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ “ಉದಯರವಿ ಟಿಫಿನ್ ರೂಮ್” ಎಂದು ಬರೆದಿತ್ತು. ವ್ಯಾನಿನಿಂದಿಳಿದ ಪಂಚಾಕ್ಷರಿ ಅದನ್ನು ಓದಿದನು. ಬಿದ್ದ ವೀರನ ಕೈಗೆ ಮತ್ತೆ ಆಯುಧ ಸಿಕ್ಕಿತು.

“ರೂಮು ಅಂತೇನೋ ಐತೆ ಭಾವ. ಆದ್ರೆ ಟಿಫಿನ್ನು ಮಲಗೋ ರೂಮು.”

ಅಲ್ಲಿಗೆ ಹೊತ್ತಿಕೊಂಡಿತು ನೋಡಿ. ಬೇವಿನ ಮರದ ಕೆಳಗೆ ಇಬ್ಬರೂ ಎದುರುಬದುರಾಗಿ ನಿಂತರು. ಒಬ್ಬನ ಕೈಯಲ್ಲಿ ಡೈರಿ, ಇನ್ನೊಬ್ಬನ ಕೈಯಲ್ಲಿ ಫೋನು. ಹದಿನೈದು ವರ್ಷಗಳಿಂದ ಭಾವ ಬಾಮೈದರ ನಡುವೆ ಹುಗಿದಿಟ್ಟಿದ್ದ ಅಸ್ತ್ರಗಳೆಲ್ಲ ಒಂದೊಂದಾಗಿ ಹೊರಬಿದ್ದವು. ತನ್ನ ಮದುವೆಯ ಊಟದಲ್ಲಿ ಹೋಳಿಗೆಗೆ ಏಲಕ್ಕಿ ಸಾಲದೆಂದು ಭಾವ ಪಂಕ್ತಿಯ ನಡುವೆ ಗಟ್ಟಿಯಾಗಿ ಹೇಳಿದ್ದನ್ನು ಪಂಚಾಕ್ಷರಿ ಎಸೆದನು. ಬಾಮೈದನು ತನಗೆ ಮಾರಿದ ಫೋನು ಮೂರನೆಯ ವಾರಕ್ಕೇ ಕಿವುಡಾದದ್ದನ್ನು ಪಾಲಾಕ್ಷಯ್ಯ ತಿರುಗಿ ಬಿಟ್ಟನು. ಹೋಟೆಲೆಂದರೇನು, ಲಾಡ್ಜೆಂದರೇನು, ಖಾನಾವಳಿ ಎಲ್ಲಿ ಮುಗಿದು ರೆಸ್ಟೋರೆಂಟು ಎಲ್ಲಿ ಆರಂಭವಾಗುತ್ತದೆ ಎಂಬ ಶಬ್ದಶಾಸ್ತ್ರದ ಗಹನವಾದ ಪ್ರಶ್ನೆಗಳು ಎದ್ದವು. ಕಾಫಿ ಕುಡಿಯುತ್ತಿದ್ದ ಇಬ್ಬರು ಲಾರಿ ಚಾಲಕರು ಪಕ್ಷ ವಹಿಸಿದರು. ಒಬ್ಬನು ಹೋಟೆಲೆಂದರೆ ತಿನ್ನುವ ಜಾಗವೇ ಎಂದನು. ಇನ್ನೊಬ್ಬನು ಬೆಂಗಳೂರಿನಲ್ಲಿ ಆಕಾಶ ಮುಟ್ಟುವ ಹೋಟೆಲುಗಳಲ್ಲಿ ಮಲಗುವುದೂ ಉಂಟು, ತಿನ್ನುವುದೂ ಉಂಟು ಎಂದು ಸಮನ್ವಯ ಸಾಧಿಸಹೊರಟು ಭಾವ ಬಾಮೈದರಿಬ್ಬರಿಂದಲೂ ಬೈಸಿಕೊಂಡನು.

ಸೂರ್ಯನು ಈ ಘೋರವನ್ನು ನೋಡಲಾರದೆ ಉದ್ಯಾನದ ಮಹಾಚಕ್ರದ ಹಿಂದೆ ಇಳಿದನು. ಗೋಡೆಯಾಚೆಯಿಂದ ಭೋರೆಂಬ ಸದ್ದೂ ಅದರ ಬೆನ್ನಿಗೇ ಮಕ್ಕಳ ಕೂಗೂ ಕೇಳಿಬಂದವು. ಕಟ್ಟಿಸಿದ ಸಮುದ್ರದ ಆ ದಿನದ ಕಡೆಯ ಅಲೆಗಳು. ಕಾದಾಡುವವರಿಗೆ ಅದು ಕೇಳಿಸಲಿಲ್ಲ. ಮಂಗಳಾಳಿಗೆ ಕೇಳಿಸಿತು. ಗಡಿಯಾರ ನೋಡಿಕೊಂಡಳು, ಏಳಕ್ಕೆ ಹತ್ತು ನಿಮಿಷ. ಅವ್ವನಿಗೂ ಕೇಳಿಸಿತೇನೋ ಎಂದು ವ್ಯಾನಿನ ಕಡೆಗೆ ತಿರುಗಿದಳು.

ವ್ಯಾನಿನ ಬಾಗಿಲು ತೆರೆದಿತ್ತು. ಸೀಟು ಖಾಲಿಯಾಗಿತ್ತು.

“ರೀ, ಅವ್ವ ಎಲ್ಲಿ?”

ಡೈರಿ ಕೆಳಗೆ ಬಿತ್ತು. ಫೋನು ಜೇಬು ಸೇರಿತು. ಹದಿನೈದು ವರ್ಷದ ಹಗೆಯನ್ನು ಅಲ್ಲೇ ಬೇವಿನ ಬುಡದಲ್ಲಿ ಬಿಟ್ಟು ಭಾವ ಒಂದು ದಿಕ್ಕಿಗೆ, ಬಾಮೈದ ಒಂದು ದಿಕ್ಕಿಗೆ ಓಡಿದರು. ಪಾಲಾಕ್ಷಯ್ಯ ರಸ್ತೆಯ ತನಕ ಓಡಿ, ಹೋಗುವ ಬರುವ ಬಸ್ಸುಗಳನ್ನು ನೋಡಿ, ಎದೆ ಹಿಡಿದುಕೊಂಡು ಹಿಂದಿರುಗಿದನು. ಪಂಚಾಕ್ಷರಿ ಕೈತೊಳೆಯುವ ಜಾಗ, ಸೌದೆ ಕೊಟ್ಟಿಗೆ, ದೊಡ್ಡ ತೊಟ್ಟಿ ಎಲ್ಲವನ್ನೂ ನೋಡಿ, ತೊಟ್ಟಿಯೊಳಗೆ ಎರಡು ಸಲ ನೋಡಿ, ಬೆವರಿ ಬಂದನು. ಕೊನೆಗೆ ಮಂಗಳಾ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಮಾಲೀಕ ಕೆಂಪಣ್ಣನನ್ನು ಕೇಳಿದಳು: ಬಿಳಿ ಕೂದಲಿನ, ಹಸಿರು ಸೀರೆಯ, ಹಣೆಗೆ ವಿಭೂತಿಯಿಟ್ಟ ನಮ್ಮವ್ವ ಈ ಕಡೆ ಬಂದರೇನು?

ಕೆಂಪಣ್ಣ ಹೆಬ್ಬೆರಳಿನಿಂದ ಮೇಲೆ ತೋರಿಸಿದನು.

ಮೆಟ್ಟಿಲು ಒಂಬತ್ತೇ ಇದ್ದವು. ಅರ್ಧಮಹಡಿಯ ಕೋಣೆಯಲ್ಲಿ, ಆಗತಾನೇ ಹೊಸ ಹೊದಿಕೆ ಹಾಸಿದ ಮಂಚದ ಮೇಲೆ, ಕಾಲು ನೀಡಿಕೊಂಡು, ಬಿಸಿನೀರಿನ ಲೋಟ ಹಿಡಿದು, ಕೆಂಪಣ್ಣನ ಹೆಂಡತಿಯೊಡನೆ ಮಂಡಿನೋವಿನ ಎಣ್ಣೆಯ ವಿಷಯ ಮಾತನಾಡುತ್ತ ಕುಳಿತಿದ್ದರು ನೀಲಮ್ಮನವರು. ಕಿಟಕಿ ತೆರೆದಿತ್ತು. ಗೋಡೆಯಾಚೆ ಸಮುದ್ರದ ಒಂದು ಮೂಲೆ ಕಾಣುತ್ತಿತ್ತು.

“ಎಲ್ಲಿ ಹೋಗಿದ್ರಿ ಎಲ್ಲಾರೂ?” ಎಂದರು ಆಕೆ. “ಮಾತ್ರೆ ನುಂಗೋಕೆ ನೀರು ಕೇಳ್ದೆ. ಹಂಗೇ, ಮಲಗೋಕೆ ಎಲ್ಲಾದ್ರೂ ಜಾಗ ಐತೇನವ್ವ ಅಂತ ಕೇಳ್ದೆ. ಐತೆ ಅಂದ್ಲು ಪುಣ್ಯಾತ್ಗಿತ್ತಿ.”

ನಾಲ್ಕು ದುರ್ಗಗಳು, ಎರಡು ವೀರಘೋಷಣೆಗಳು, ಒಂದು ದ್ವಂದ್ವಯುದ್ಧ ಗೆಲ್ಲಲಾರದ್ದನ್ನು ಒಂದು ಲೋಟ ನೀರು ಗೆದ್ದಿತ್ತು. ಪಾಲಾಕ್ಷಯ್ಯನು ಕೆಳಗಿಳಿದು, ಬಿದ್ದಿದ್ದ ಡೈರಿಯನ್ನು ಎತ್ತಿ ಒರೆಸಿಕೊಂಡು, ಗಲ್ಲಾದ ಮುಂದೆ ನಿಂತು, ಕೋಣೆಗೆ ಉಪಕಾರವಾಯಿತೆಂದೂ, ರಾತ್ರಿಯ ತಿಂಡಿಗೆ ಚಟ್ನಿ ಯಾವುದೆಂದೂ ವಿಚಾರಿಸಿದನು. ಆ ದನಿ ಕಿವಿಗೆ ಬಿದ್ದದ್ದೇ ಕೆಂಪಣ್ಣ ಗಲ್ಲಾ ಬಿಟ್ಟು ಎದ್ದನು.

“ಹಸಿಕಾಯೋ ಪುಟಾಣಿಯೋ ಅಂತ ಮೂರ್ ಕಿತ ಫೋನ್ ಮಾಡಿದೋರು ನೀವೇಯಾ?”

ಹೌದೆಂದು ಪಾಲಾಕ್ಷಯ್ಯ ವಿನಯದಿಂದ ಒಪ್ಪಿಕೊಂಡನು.

“ಅಲ್ಲಾ ಸ್ವಾಮಿ, ಚಟ್ನಿ ಕೇಳುದ್ರಿ, ಕಾಯಿ ಯಾವೂರುದ್ದು ಅಂದ್ರಿ, ಬೇಳೆ ಯಾವುದು ಅಂದ್ರಿ. ಒಂದ್ ಕಿತನಾದ್ರೂ ರೂಮ್ ಐತಾ ಅಂತ ಕೇಳುದ್ರಾ? ಎಲ್ಡು ರೂಮು ತಿಂಗಳಿಂದ ಖಾಲಿ ಬಿದ್ದವೆ.”

ಬಾಣವು ನಾಟಬೇಕಾದಲ್ಲೇ ನಾಟಿತು. ಪಂಚಾಕ್ಷರಿ ನಗಲು ಬಾಯಿ ತೆರೆದನು. ಅಕ್ಕನ ಮುಖ ನೋಡಿ ಆ ಬಾಯಿಗೆ, ಆಗಲೇ ಮೇಜಿಗೆ ಬಂದಿದ್ದ ಇಡ್ಲಿಯ ಒಂದು ತುಂಡನ್ನು ಇಟ್ಟುಕೊಂಡನು. ಅಂದಿನ ಊಟದ ವರ್ಣನೆಯನ್ನು ಬೆಳೆಸುವುದಿಲ್ಲ. ಡೈರಿಯ ಏಳನೆಯ ಷರಾ ಹೀಗೆ ತಿದ್ದುಪಡಿಯಾಯಿತೆಂದಷ್ಟೇ ಹೇಳುತ್ತೇನೆ: “ಅರ್ಧ ಕಾಯಿ, ಅರ್ಧ ಪುಟಾಣಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮಾಲೀಕ.”

ಮರುದಿನ ಸೌದೆ ಒಲೆಯ ಬಿಸಿನೀರಿನಲ್ಲಿ ಸ್ನಾನವಾಗಿ, ಲಿಂಗಪೂಜೆಯಾಗಿ, ತಿಂಡಿಯಾಗಿ, ಹತ್ತೂವರೆಯ ಹೊತ್ತಿಗೆ ಆ ಮಹಾಸೈನ್ಯವು ಸಮುದ್ರತೀರದಲ್ಲಿ ನಿಂತಿತು. ಸೀರೆ ಉಟ್ಟವರು ಅಂಚಿನಲ್ಲಿ ಮಾತ್ರ ನಿಲ್ಲಬಹುದೆಂದು ಹಳದಿ ಟೋಪಿಯ ಕಾವಲುಗಾರನು ಅಪ್ಪಣೆ ಮಾಡಿದನು. ಅಂಚೇ ಸಾಕೆಂದರು ನೀಲಮ್ಮನವರು. ಮಗಳ ಭುಜದ ಮೇಲೆ ಕೈಯಿಟ್ಟು, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ನೀಲಿ ಬಣ್ಣ ಬಳಿದ ನೆಲದ ಮೇಲೆ ನಿಂತರು. ಎದುರುದಡದಲ್ಲಿ, ಐವತ್ತು ಮಾರು ಆಚೆ, ಒಬ್ಬನು ಮೆಕ್ಕೆಜೋಳ ಸುಡುತ್ತಿದ್ದನು.

ಸೈರನ್ನು ಕೂಗಿತು. ನೆಲದೊಳಗೆಲ್ಲೋ ಗುಡುಗಿತು. ಪ್ರಳಯಕಾಲದ ಜಲಧಿಯೋ ಎಂಬಂತೆ, ಸಹಸ್ರಫಣಗಳನ್ನೆತ್ತಿ, ನೊರೆಯ ಕೇಸರಗಳನ್ನು ಕೆದರಿ, ಇನ್ನೂರು ಮಂದಿಯ ಕೇಕೆಯನ್ನು ಹೊತ್ತು ಬಂದ ಆ ಮಹಾತರಂಗವು ನೀಲಮ್ಮನವರ ಪಾದವನ್ನು ಮುಟ್ಟುವ ಹೊತ್ತಿಗೆ ನಾಲ್ಕು ಬೆರಳು ಎತ್ತರವಿತ್ತು. ಕಾಲ್ಬೆರಳುಗಳನ್ನು ತೋಯಿಸಿ, ಹಿಮ್ಮಡಿಯ ಕೆಳಗೆ ಗುಳುಗುಳು ಎನ್ನಿಸಿ ಹಿಂದಕ್ಕೆ ಹೋಯಿತು. ಮತ್ತೆ ಬಂತು. ನೆರಿಗೆಯನ್ನು ಹಿಡಿದ ಆಕೆಯ ಕೈ ಯಾವಾಗಲೋ ಸಡಿಲವಾಗಿ, ಸೀರೆಯ ಅಂಚು ನೀರಿಗೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ಆಕೆಗೂ ಅನ್ನಿಸಲಿಲ್ಲ, ಮಂಗಳಾಳಿಗೂ ಅನ್ನಿಸಲಿಲ್ಲ.

ಹತ್ತು ನಿಮಿಷವಾಗಿರಬೇಕು. ಮತ್ತೆ ಸೈರನ್ನು ಕೂಗಿ ಸಮುದ್ರವು ಥಟ್ಟನೆ ನಿಂತುಹೋಯಿತು.

“ಕರೆಂಟ್ ಹೋಯ್ತೇನೋ,” ಎಂದರು ನೀಲಮ್ಮನವರು. ಇನ್ನು ಅರ್ಧ ಗಂಟೆಗೆ ಮತ್ತೆ ಬರುತ್ತದೆಂದು ಪಂಚಾಕ್ಷರಿ ಸಮಯಗಳ ಹಲಗೆ ಓದಿ ಹೇಳಿದನು. ಆಕೆ ಬಗ್ಗಿ, ನಿಶ್ಚಲವಾದ ನೀರಿನಲ್ಲಿ ಒಂದು ಬೆರಳನ್ನು ಅದ್ದಿ, ನಾಲಗೆಯ ತುದಿಗೆ ಮುಟ್ಟಿಸಿಕೊಂಡು, ಅಳಿಯನ ಕಡೆಗೆ ತಿರುಗಿದರು.

“ಅಳಿಯಂದ್ರೇ, ನೀವೊಂದ್ ಸಲ ನೋಡಿ. ನನಗ್ಯಾಕೋ ಸಂಶಯ.”

ಕೊಬ್ಬರಿಮಂಡಿಮಾರ್ತಾಂಡನು ಪ್ಯಾಂಟು ಮಡಿಚಿ, ಮುಂದೆ ಬಂದು, ಬೆರಳದ್ದಿ, ಕಣ್ಣು ಮುಚ್ಚಿದನು. ಸಮಸ್ತ ಪರಿವಾರವು ಕಾಯಿತು.

“ಇಲ್ಲ ಅತ್ತೆ. ಬ್ಲೀಚಿಂಗ್ ಪೌಡ್ರು ಜಾಸ್ತಿ. ಉಪ್ಪು ಹಾಕೇ ಇಲ್ಲ.”

“ಅದಕ್ಕೇ ಅಂದೆ,” ಎಂದು ನೀಲಮ್ಮನವರು, ಮುಂದಿನ ಅಲೆ ಬರುವವರೆಗೆ ಕಾಯಲು, ನೀರಿನಿಂದ ಕಾಲು ತೆಗೆಯದೆಯೇ ಅಂಚಿನ ಮೆಟ್ಟಿಲ ಮೇಲೆ ಕುಳಿತರು.

ಪಾಲಾಕ್ಷಯ್ಯನು ಒದ್ದೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಡೈರಿ ತೆಗೆದು, ಹನ್ನೊಂದನೆಯ ಷರಾದ ಕೆಳಗೆ ಹನ್ನೆರಡು ಎಂದು ಬರೆದನು.